ಅಂಗಳಕ್ಕೆ ಬೀಳದ ಮಳೆ

ಹಿಪ್ಪುನೇರಳೆ ಎಲೆ ಅಂಗೈಯಗಲ ಆಗಿ, ಬೇಸಿಗೆ ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದ ದಿನಗಳು. ಮನೆಮನೆಯಲ್ಲೂ ರೇಷ್ಮೆಹುಳುಗಳು ಪೊರೆ ಬಿಡುವ ಮೂರನೆಯ ನಿದ್ದೆಗೆ ಹೋಗಿದ್ದವು. ಬೆಳಗಿನ ಎರಡನೆಯ ಪಾಠದ ಗಂಟೆ ಹೊಡೆದು, ನಾನು ಕುದಿದ ನೀರು ಹಿಡಿದುಕೊಂಡು ತರಗತಿಯ ಬಾಗಿಲಿಗೆ ಬಂದಾಗ ಯಾನ್ ಟೀಚರ್ ಹಲಗೆಯ ಮೇಲೆ ಒಂದು ಪದ್ಯ ಬರೆದು ಮುಗಿಸುತ್ತಿದ್ದಳು. ಎಲ್ಲ ಶುರುವಾದದ್ದು ಅಲ್ಲಿಂದ.

ನಮ್ಮ ಕಾಲುವೆ ಊರಿನ ಶಾಲೆಯಲ್ಲಿ ನೀರು ಕಾಯಿಸುವುದು, ಗಂಟೆ ಹೊಡೆಯುವುದು ನನ್ನ ಕೆಲಸವಾಗಿತ್ತು. ಮಕ್ಕಳು ನೀರಜ್ಜಿ ಅನ್ನುತ್ತಿದ್ದರು. ಮಾತಿಗೊಂದು ಅಕ್ಷರವಿರುವ ನಮ್ಮ ಬರಹದಲ್ಲಿ ನನಗೆ ಬರುತ್ತಿದ್ದದ್ದು ನಲವತ್ತೋ ಐವತ್ತೋ ಅಕ್ಷರ. ಮಳೆ, ಬಾಗಿಲು, ಹುಲ್ಲು ಅವುಗಳಲ್ಲಿದ್ದವು. ಹಾಗಾಗಿ ಹಲಗೆಯ ಮೇಲೆ ಅಲ್ಲೊಂದು ಇಲ್ಲೊಂದು ಗುರುತಿನ ಮುಖ ಕಂಡ ಹಾಗಾಯಿತು. ಉಳಿದದ್ದನ್ನು ಹತ್ತೊಂಬತ್ತು ಮಕ್ಕಳು ಒಟ್ಟಿಗೆ ಓದಿ ಹೇಳಿದರು.

ಹಗಲ ನಿದ್ದೆಯ ತುಂಬ ಮಳೆಯ ಸದ್ದು;
ಎದ್ದು ನೋಡಲು ಅಂಗಳಕೆ ಒಣಬಿಸಿಲು.
ಊರಿಗೆ ಊರೇ ಕದವಿಕ್ಕಿ ಕೂತಿದೆ;
ಮೆಟ್ಟಿಲ ಹುಲ್ಲು ತಲೆಯೆತ್ತಿ ನಿಂತಿದೆ.

"ಬರೆದವರ ಹೆಸರು ಉಳಿದಿಲ್ಲ. ತುಂಬಾ ಹಳೇದು," ಅಂದಳು ಯಾನ್ ಟೀಚರ್. "ಮಳೆ ಸದ್ದು ಕೇಳ್ತಿದೆ, ಆದ್ರೆ ಮಳೆ ಇಲ್ಲ. ಯಾಕಿರಬಹುದು? ಯಾರು ಹೇಳ್ತೀರಾ?"

ಗೆನ್‌ಫಾ ಕೈ ಎತ್ತುವ ಮೊದಲೇ ಬಾಯಿ ತೆರೆಯುವ ಹುಡುಗ. "ಕುಡಿದಿದ್ದ ಟೀಚರ್! ನಮ್ಮ ಚಿಕ್ಕಪ್ಪಂಗೂ ಕುಡಿದಾಗ ಮನೆ ಒಳಗೆ ದೋಣಿ ಹೋದಂಗೆ ಕೇಳ್ಸುತ್ತೆ."

ತರಗತಿಗೆ ತರಗತಿಯೇ ನಕ್ಕಿತು. ಆಗ ಕಿಟಕಿಯ ಪಕ್ಕದ ಆಲಿಂಗ್, ಎಂಟು ವರ್ಷದ ಗಿಡ್ಡ ಹುಡುಗಿ, ಎಲೆ ಕಿತ್ತು ಕಪ್ಪಾದ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಲೇ ಹೇಳಿದಳು: "ಹುಳ ತಿಂತಿದ್ವು."

"ಏನಂದೆ?"

"ಹುಳ ಸೊಪ್ಪು ತಿಂತಿದ್ವು ಟೀಚರ್. ಅದಕ್ಕೇ ಮಳೆ. ಅದಕ್ಕೇ ಎಲ್ರೂ ಬಾಗಿಲು ಹಾಕ್ಕೊಂಡಿದಾರೆ."

ಟೀಚರ್ ಮುಗುಳ್ನಕ್ಕಳು. ಅಣಕದ ನಗೆಯಲ್ಲ, ಗೊತ್ತಿಲ್ಲದವರ ನಗೆ. "ನಾನೂ ನಿನ್ನಷ್ಟಿದ್ದಾಗ ಹಾಂಗ್‌ಜೌನಲ್ಲಿ ಬೂಟಿನ ಡಬ್ಬದೊಳಗೆ ಆರು ಹುಳ ಸಾಕಿದ್ದೆ ಮರಿ. ಕಿವಿ ಇಟ್ಟು ಕೇಳಿದ್ರೂ ಒಂದು ಸದ್ದಿರಲಿಲ್ಲ." ಆಮೇಲೆ ಮೇಜಿನ ಮೇಲಿದ್ದ ಉತ್ತರದ ಪುಸ್ತಕ ತೆರೆದು ಓದಿದಳು. ಆ ಮಳೆ ಕವಿಯ ಕಣ್ಣೀರಂತೆ. ಯುದ್ಧಕ್ಕೆ ಹೆದರಿ ಊರು ಖಾಲಿಯಾಗಿದೆಯಂತೆ. ಹುಲ್ಲು ಅಂದರೆ ಒಂಟಿತನವಂತೆ. ಮಕ್ಕಳು ತಲೆ ಬಗ್ಗಿಸಿ ಬರೆದುಕೊಂಡರು. ಆಲಿಂಗ್ ಕೂಡ ಬರೆದುಕೊಂಡಳು, ಆದರೆ ಬರೆಯುವಾಗ ಒಮ್ಮೆ ನನ್ನ ಕಡೆ ನೋಡಿದಳು. ನಾನು ನೀರು ಬಗ್ಗಿಸಿ ಹೊರಗೆ ಬಂದೆ.

ಹೇಳಬಹುದಿತ್ತು. ಹೇಳದೆ ಬಂದದ್ದಕ್ಕೆ ಕಾರಣವಿತ್ತು.

ಯಾನ್ ಟೀಚರ್ ನಮ್ಮೂರಿಗೆ ಬಂದದ್ದು ಹೊಸ ವರ್ಷದ ದೀಪದ ಹಬ್ಬ ಕಳೆದ ಮೇಲೆ. ಬಾಣಂತನಕ್ಕೆ ಹೋದ ಟೀಚರ್ ಬದಲಿಗೆ ಬಂದವಳು. ತೋಳಿಗೆ ಸೂತಕದ ಕರಿ ಬಟ್ಟೆ ಇತ್ತು. ತಾಯಿ ತೀರಿಕೊಂಡು ಆಗ ಒಂದು ತಿಂಗಳು. ರಾತ್ರಿ ನಿದ್ದೆ ಬಾರದ ಮುಖ; ಬೆಳಗ್ಗೆ ನಾನು ಒಲೆ ಹಚ್ಚುವ ಮೊದಲೇ ಎದ್ದು ಬಂದು ಒಲೆಯ ಮುಂದೆ ಕೂರುತ್ತಿದ್ದಳು. ಅಲ್ಲಿ ಕೂತು ಒಂದು ದಿನ ಹೇಳಿದಳು:

"ಅಮ್ಮ ಕೊನೇ ನಾಕು ದಿನ ಒಂದೇ ಮಾತು ಅಜ್ಜಿ. 'ಮಳೆ ಬರ್ತಿದೆ, ಕೇಳು. ಎಷ್ಟು ಚೆನ್ನಾಗಿ ಬರ್ತಿದೆ' ಅಂತ. ಹೊರಗೆ ನೋಡಿದ್ರೆ ಬಿಸಿಲು. 'ಇಲ್ಲಮ್ಮ, ಮಳೆ ಇಲ್ಲ' ಅಂದೆ. ನಂಬಲಿಲ್ಲ. ಕಿಟಕಿ ತೆಗೆದು ತೋರಿಸಿದೆ. ಆಗ ಮುಖ ಆ ಕಡೆ ತಿರುಗಿಸಿಕೊಂಡ್ಳು. ಆಮೇಲೆ ನನ್ನ ಹತ್ರ ಮಾತಾಡಲೇ ಇಲ್ಲ."

"ಎಲ್ಲಿಯವರಮ್ಮ ನಿಮ್ಮಮ್ಮ?"

"ಹುಳದ ಊರಿನವಳು ಅಂತಷ್ಟೇ ಗೊತ್ತು. ಹನ್ನೆರಡನೇ ವಯಸ್ಸಿಗೆ ನೂಲಿನ ಗಿರಣಿಗೆ ಕಳಿಸಿಬಿಟ್ರಂತೆ. ತಿರುಗಿ ಹೋಗಲಿಲ್ಲ. ಯಾವತ್ತೂ ಏನೂ ಹೇಳಲಿಲ್ಲ. ಅಮ್ಮ ಏನು ಕೇಳ್ತಿದ್ಳೋ ಅಜ್ಜಿ. ಅದೊಂದು ಗೊತ್ತಾಗಿದ್ರೆ ಮಲಗ್ತಿದ್ದೆ."

ಅದು ಯಾವ ಸದ್ದು ಅಂತ ನನಗೆ ಆವತ್ತೇ ಹೊಳೆದಿತ್ತು, ಹೇಳಲಿಲ್ಲ. ಆಗಿನ್ನೂ ಚಳಿ, ಹುಳುವಿನ ಮೊಟ್ಟೆ ಕಾಗದಕ್ಕೆ ಅಂಟಿಕೊಂಡು ಮಲಗಿತ್ತು. ಬಾಯಲ್ಲಿ ಹೇಳಿದ್ದರೆ ಅವಳ ಪಾಲಿಗೆ ಅದು ಇನ್ನೊಂದು ಪುಸ್ತಕದ ಉತ್ತರ. ಬೂಟಿನ ಡಬ್ಬದ ಆರು ಹುಳು ಕಂಡವಳಿಗೆ, ಅರವತ್ತು ತಟ್ಟೆ ಹುಳು ಕೊನೆಯ ದೊಡ್ಡ ನಿದ್ದೆಯಿಂದ ಎದ್ದು ಒಟ್ಟಿಗೆ ಸೊಪ್ಪಿಗೆ ಬಾಯಿ ಹಾಕುವ ಸದ್ದನ್ನು ಯಾವ ಮಾತಿನಲ್ಲಿ ಕೊಡುವುದು? ಅದನ್ನು ಕಿವಿಯೇ ಕೇಳಬೇಕು. ಆ ಸದ್ದು ಇರುವುದು ವರ್ಷದಲ್ಲಿ ಆರೇಳು ದಿನ. ಆ ಆರೇಳು ದಿನ ಊರಿನ ಎಲ್ಲ ಬಾಗಿಲಿಗೂ ಕೆಂಪು ಕಾಗದ, ಪೀಚ್ ಮರದ ಕಡ್ಡಿ. ಹೊರಗಿನವರು ಕಾಲಿಡುವಂತಿಲ್ಲ. ಸೂತಕದವರಂತೂ ಆ ಬೀದಿಯಲ್ಲೇ ನಿಧಾನ ನಡೆಯುವಂತಿಲ್ಲ.

ಪದ್ಯದ ಪಾಠವಾದ ಮಧ್ಯಾಹ್ನ ಮಕ್ಕಳು ನನ್ನ ಒಲೆಯ ಸುತ್ತ ಬಂದು ಕೂತರು.

"ನೀರಜ್ಜಿ, ಹುಳ ತಿನ್ನೋದೇ ಅಲ್ವಾ ಅದು?" ಆಲಿಂಗ್ ಕೇಳಿದಳು.

"ಪುಸ್ತಕ ಸುಳ್ಳು ಹೇಳುತ್ತೇನೇ ಪೆದ್ದಿ?" ಅಂದ ಗೆನ್‌ಫಾ.

"ಪುಸ್ತಕ ನಮ್ಮೂರಿಗೆ ಬಂದಿತ್ತೇನೋ?" ಅಂದಳು ಅವಳು.

ನಾನು ಒಂದು ಎಲೆ ಎತ್ತಿ ಅವರ ಮುಂದೆ ಹಿಡಿದೆ. "ಹುಳಕ್ಕೆ ಹಾಕೋ ಮುಂಚೆ ಎಲೆನ ಏನ್ಮಾಡ್ತೀರಿ?"

"ತಿರುವಿ ನೋಡ್ತೀವಿ."

"ಯಾಕೆ?"

"ಹಿಂದೆ ಇಬ್ಬನಿ ಇರ್ತದೆ. ಇಬ್ಬನಿ ಎಲೆ ತಿಂದ್ರೆ ಹುಳಕ್ಕೆ ಹೊಟ್ಟೆ ಕೆಡುತ್ತೆ."

"ಹಂಗೇ ಪದ್ಯಾನೂ. ಕಣ್ಣೀರು, ಒಂಟಿತನ ಅನ್ನೋದು ಆಮೇಲೆ. ಮೊದಲು ತಿರುವಿ ನೋಡಿ. ಹೇಳ್ತಿರೋನು ಎಲ್ಲಿ ಮಲಗಿದಾನೆ? ಯಾವ ತಿಂಗಳು? ಅವನ ಕಾಲಡಿ ಏನಿದೆ?"

ಮಕ್ಕಳು ಯೋಚಿಸಿದರು. ಆಮೇಲೆ ಆಲಿಂಗ್ ನನ್ನನ್ನೇ ತಿರುವಿ ನೋಡುವ ಹಾಗೆ ನೋಡಿ ಹೇಳಿದಳು: "ಟೀಚರ್ ಕೇಳೇ ಇಲ್ಲ ಅಜ್ಜಿ, ಆ ಸದ್ದು. ಕೇಳದೆ ಇರೋರಿಗೆ ಹೆಂಗೆ ಗೊತ್ತಾಗುತ್ತೆ? ನಿಮ್ಮನೇಲಿ ಕೇಳ್ಸಿ."

ಮನೆಯಲ್ಲಿ ಹುಳುಮನೆ ನನ್ನ ಸೊಸೆ ಗುಯ್‌ಜೂಳ ಕೈಯಲ್ಲಿತ್ತು. ಸಾಮೂಹಿಕ ಬೇಸಾಯ ಹೋಗಿ ಭೂಮಿ ಮತ್ತೆ ಮನೆಮನೆಗೆ ಬಂದ ಮೂರನೆಯ ವಸಂತ ಅದು. ಮೊದಲ ಸಲ ನಾವು ಅರವತ್ತು ತಟ್ಟೆ ಎಬ್ಬಿಸಿದ್ದೆವು. ಅವಳು ರಾತ್ರಿ ಹಗಲು ಅಲ್ಲೇ ಚಾಪೆ ಹಾಸಿಕೊಂಡಿದ್ದಳು; ಬೆಳ್ಳುಳ್ಳಿ ಮುಟ್ಟುತ್ತಿರಲಿಲ್ಲ, ಗಟ್ಟಿ ಮಾತಾಡುತ್ತಿರಲಿಲ್ಲ. ನಾನು ವಿಷಯ ತೆಗೆದದ್ದೇ ತಡ, ಪಿಸುಮಾತಿನಲ್ಲೇ ಬೈದಳು.

"ಅತ್ತೆ, ನಿಮಗೆ ಅರಳುಮರಳಾ? ತಾಯಿ ಸತ್ತು ನೂರು ದಿನ ಆಗಿಲ್ಲ ಅವಳಿಗೆ. ಕರಿ ಬಟ್ಟೆ ಕಟ್ಕೊಂಡವಳನ್ನ ಹುಳದ ಹತ್ರ ಬಿಡ್ತಾರಾ? ಪದ್ಯಕ್ಕೆ ಅಂತೆ! ಪದ್ಯ ಗೂಡು ಕಟ್ಟುತ್ತಾ?"

"ಬಾಗಿಲಿಂದ ಬರೋದು ಬೇಡ ಬಿಡು. ಹಿಂದಿನ ಎಲೆ ಕೊಟ್ಟಿಗೆಗೆ ಬರ್ಲಿ. ಜೊಂಡಿನ ಗೋಡೆ ಈಚೆ."

"ಬರೋರು ಯಾರೇ ಆದ್ರೂ ಹೊರಗಿನೋರೇ."

"ಎಲೆ ಹೊತ್ತು ಬಂದೋರು ಹೊರಗಿನೋರಲ್ಲ. ನಿನ್ನ ಮಾವನ ಅಮ್ಮ ಹೇಳಿದ್ದು. ಆ ವರ್ಷ ಪ್ರವಾಹ ಬಂದಾಗ ಆಚೆ ದಡದವರು ಎಲೆ ಹೊತ್ತು ತಂದ್ರು. ಅವರಲ್ಲಿ ಎಷ್ಟು ಜನಕ್ಕೆ ಸೂತಕ ಇತ್ತೋ, ಯಾರು ಕೇಳಿದ್ರು?"

ಅವಳು ಒಂದು ತಟ್ಟೆ ಎಳೆದು, ನಿದ್ದೆಯಲ್ಲಿ ತಲೆ ಎತ್ತಿಕೊಂಡು ಕೂತಿದ್ದ ಹುಳುಗಳನ್ನು ನೋಡಿ ಮತ್ತೆ ತಳ್ಳಿದಳು. "ಏನಾದ್ರೂ ಆದ್ರೆ ನಿಮ್ಮ ತಲೆ ಮೇಲೆ," ಅಂದಳು.

ದೊಡ್ಡ ನಿದ್ದೆ ಕಳೆದು ಹುಳು ಎದ್ದ ಮೂರನೆಯ ದಿನ ಭಾನುವಾರ. ಆಲಿಂಗ್, ಗೆನ್‌ಫಾ ಇಬ್ಬರೂ ಟೀಚರನ್ನು ಹಿಪ್ಪುನೇರಳೆ ತೋಟಕ್ಕೆ ಕರೆದುಕೊಂಡು ಹೋದರು. ಅದಕ್ಕೂ ಮೊದಲು ಆಲಿಂಗ್ ಅವಳ ಮುಖವನ್ನು ಎರಡು ಸಲ ತೊಳೆಸಿದ್ದಳಂತೆ. "ಕ್ರೀಮ್ ವಾಸನೆ ಹೊಡೀತೀರಾ ಟೀಚರ್. ಹುಳ ವಾಂತಿ ಮಾಡ್ಕೊಳ್ತವೆ."

ಯಾನ್ ಟೀಚರ್ ಆಸೆಯಿಂದ ಬೆಳಗಿನ ತಂಪಿನಲ್ಲೇ ಒಂದು ಬುಟ್ಟಿ ತುಂಬ ಕಿತ್ತಿದ್ದಳು. ಎಲ್ಲ ಒದ್ದೆ. ಒಂದು ಎಲೆಯನ್ನೂ ತಿರುವಿ ನೋಡಿರಲಿಲ್ಲ.

"ಅಯ್ಯೋ ಟೀಚರ್, ಇಷ್ಟೂ ಕೊಂದ್ರಲ್ಲ!" ಅಂದ ಗೆನ್‌ಫಾ. "ಇದನ್ನ ಹಾಕಿದ್ರೆ ಗುಯ್‌ಜೂ ಅತ್ತಿಗೆ ನಮ್ಮನ್ನ ಕಾಲುವೇಲಿ ಅದ್ದುತ್ತಾಳೆ."

ಹಾಗಾಗಿ ಮೂವರೂ ತೋಟದ ಬದುವಿನಲ್ಲಿ ಕೂತು ಹಳೆ ಅರಿವೆಯಿಂದ ಎಲೆ ಒರೆಸಿದರು. ಮುಂದೆ ಒಮ್ಮೆ, ತಿರುವಿ ಹಿಂದೆ ಒಮ್ಮೆ. ನಾನು ಹೋಗಿ ನೋಡಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಟೀಚರ್ ಒರೆಸುವುದನ್ನು ನಿಲ್ಲಿಸಿರಲಿಲ್ಲ. ಒಂದೊಂದು ಎಲೆಯನ್ನೂ ಬೆಳಕಿಗೆ ಹಿಡಿದು, ನರ ನೋಡಿ, ಬುಟ್ಟಿಗೆ ಇಡುತ್ತಿದ್ದಳು. ಆಲಿಂಗ್ ಹಾಗೇ ಮಾಡುತ್ತಿದ್ದಳು. ಗೆನ್‌ಫಾ ಕೂಡ.

ಅವಳೇ ಬುಟ್ಟಿ ಹೊತ್ತಳು. ಹಿತ್ತಲಿನಿಂದ ಎಲೆ ಕೊಟ್ಟಿಗೆಗೆ ಬಂದು ಇಳಿಸಿದಳು. ಅಲ್ಲಿ ತಂಪು, ಮಬ್ಬು, ಹಸಿ ಸೊಪ್ಪಿನ ವಾಸನೆ. ಎಲೆಯ ರಾಶಿಗೆ ಒರಗಿ ಕೂರಲು ಸನ್ನೆ ಮಾಡಿದೆ. ಜೊಂಡಿನ ಗೋಡೆಯ ಆಚೆ ಸೊಸೆ ಮಧ್ಯಾಹ್ನದ ಸೊಪ್ಪು ಹಾಕಲು ಶುರುಮಾಡಿದಳು.

ಮೊದಲು ಏನೂ ಇಲ್ಲ. ಆಮೇಲೆ ದೂರದ ಬೆಟ್ಟದಲ್ಲಿ ಎರಡು ಹನಿ ಬಿದ್ದ ಹಾಗೆ. ಒಂದು ತಟ್ಟೆ, ಇನ್ನೊಂದು ತಟ್ಟೆ, ಹತ್ತು ತಟ್ಟೆ. ಹನಿ ಹತ್ತಿರ ಬಂತು, ಬಿದಿರ ಮೆಳೆ ದಾಟಿತು, ಹಂಚಿನ ಮೇಲೆ ಹತ್ತಿತು. ಸಣ್ಣ, ಒತ್ತಾದ, ಗಾಳಿಯಿಲ್ಲದ ಮಳೆ. ಐವತ್ತು ವರ್ಷ ಕೇಳಿದ್ದೇನೆ. ಪ್ರತಿ ಸಲವೂ ಕೈ ತಾನಾಗಿ ತಲೆಗೆ ಹೊದೆಯಲು ಬಟ್ಟೆ ಹುಡುಕುತ್ತದೆ. ಬೆಳಕು ಹಸಿರಾಗುತ್ತದೆ. ಹೊತ್ತು ಎಲ್ಲೋ ನಿಂತು ತನ್ನ ಚಪ್ಪಲಿ ಬಿಡುತ್ತದೆ. ತೀರಿಹೋದವರೆಲ್ಲ ಸೂರಿನ ಕೆಳಗೆ ಸಾಲಾಗಿ ನಿಂತು ಮಳೆ ಬಿಡಲೆಂದು ಕಾಯುತ್ತಿದ್ದಾರೆ ಅನ್ನಿಸುತ್ತದೆ. ತಿರುಗಿ ನೋಡಿದರೆ ಯಾನ್ ಟೀಚರ್ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಅಂಗೈಯಲ್ಲಿ ಒಂದು ಎಲೆ ಹಾಗೇ ಇತ್ತು.

ಮಕ್ಕಳು ಹಿತ್ತಲಲ್ಲಿ ಕಾದರು. ಎರಡು ಸಲ ಸೊಪ್ಪು ಹಾಕಿ ಆಯಿತು. ಜೊಂಡಿನ ಸಂದಿಯಿಂದ ಸೊಸೆ ಒಮ್ಮೆ ಇಣುಕಿ ನೋಡಿದಳು. ಮಲಗಿದವಳ ಮುಖ ನೋಡಿ ಹಿಂದೆ ಸರಿದಳು.

ಇಳಿಹೊತ್ತಿಗೆ ಅವಳು ಎದ್ದಳು. ಕಣ್ಣು ಉಜ್ಜಿಕೊಂಡು, "ಅಜ್ಜಿ, ಬಟ್ಟೆ ಒಣಗಿಸಿದ್ದೆ, ಎಲ್ಲ ನೆಂದಿರುತ್ತೆ," ಅನ್ನುತ್ತ ಹಿತ್ತಲಿಗೆ ಓಡಿದಳು. ನಿಂತಳು. ಅಂಗಳದ ಮಣ್ಣಿನ ಮೇಲೆ ಬಿಸಿಲು ಹಳದಿಯಾಗಿ ಮಲಗಿತ್ತು. ಕೋಳಿಯೊಂದು ಧೂಳಿನಲ್ಲಿ ಮೈ ಕೊಡವಿತು. ಅವಳು ಬಗ್ಗಿ ನೆಲ ಮುಟ್ಟಿ ನೋಡಿದಳು. ಒಳಗೆ ಇನ್ನೂ ಸುರಿಯುತ್ತಲೇ ಇತ್ತು.

"ಇದೇ," ಅಂದಳು. "ಅಮ್ಮ ಇದನ್ನೇ ಕೇಳ್ತಿದ್ದದ್ದು." ಆಮೇಲೆ, "ನಾನು ಕಿಟಕಿ ತೆಗೆದು ತೋರಿಸಿದೆನಲ್ಲ," ಅಂದು ಅಲ್ಲೇ ಮಣ್ಣಿನ ಮೇಲೆ ಕೂತಳು.

ಆಲಿಂಗ್ ಅವಳ ಪಕ್ಕ ಹೋಗಿ ಕೂತಳು. ಗೆನ್‌ಫಾ ಏನು ಮಾಡಬೇಕೋ ತಿಳಿಯದೆ ಕೋಳಿಯನ್ನು ಓಡಿಸಿದ.

ಮರುದಿನ ತರಗತಿಯಲ್ಲಿ ಅವಳು ಪದ್ಯವನ್ನು ಮತ್ತೆ ಬರೆದಳು. "ಉತ್ತರದ ಪುಸ್ತಕ ಬರೆದೋರು ಇಲ್ಲಿಗೆ ಬಂದಿರಲಿಲ್ಲ. ನಾನೂ ಬಂದಿರಲಿಲ್ಲ. ಆಲಿಂಗ್ ಹೇಳಿದ್ದು ಸರಿ," ಅಂದಳು. ಮಕ್ಕಳು ಹಬ್ಬ ಮಾಡಿದರು. ಅದೇ ತಪ್ಪಾಯಿತು. ಮೂರು ದಿನ ಕಳೆದು ಅವಳು ಬೇರೊಂದು ಪದ್ಯ ಕೊಟ್ಟಳು, ತಾವರೆ ಕೊಳದ ಮೇಲೆ ಮಳೆ ಬೀಳುವುದು, ಕಪ್ಪೆ ಎಲೆಯಡಿಗೆ ಹೋಗುವುದು. ಮಳೆ ಅಂದರೆ ಏನು ಅಂತ ಕೇಳಿದ್ದಕ್ಕೆ ಹತ್ತೊಂಬತ್ತು ಮಕ್ಕಳೂ ಬರೆದರು: ಹುಳ ಸೊಪ್ಪು ತಿನ್ನುತ್ತಿವೆ.

ಟೀಚರ್ ತಲೆ ಮೇಲೆ ಕೈಹೊತ್ತು ಕೂತಳು. "ಕೊಳದಲ್ಲಿ ಹುಳ ಸಾಕ್ತಾರೇನ್ರೋ?"

"ಬರೆದೋನಿಗೆ ಈಜು ಬರ್ತಿತ್ತೇನೋ ಟೀಚರ್," ಅಂದ ಗೆನ್‌ಫಾ.

ಅವಳು ನಕ್ಕಳು. ಬಂದಾಗಿನಿಂದ ಅಷ್ಟು ಗಟ್ಟಿಯಾಗಿ ನಕ್ಕದ್ದು ನಾನು ಕೇಳಿರಲಿಲ್ಲ. ಕಣ್ಣೊರೆಸಿಕೊಂಡು ಹೇಳಿದಳು: "ನೋಡಿ ಮಕ್ಕಳೇ, ಮೊದಲು ನಾನು ಪುಸ್ತಕದಿಂದ ಉತ್ತರ ತಂದೆ. ಈಗ ನೀವು ಹೋದ ವಾರದಿಂದ ಉತ್ತರ ತಂದಿದೀರಿ. ಎರಡೂ ಒಂದೇ. ಎಲೆ ತಿರುವಿಲ್ಲ. ಕಪ್ಪೆ ಒದ್ದೆ ಆಗಿದೆ, ಅಂದ್ರೆ ಇಲ್ಲಿ ಮಳೆ ಮಳೇನೇ. ಹಳೆ ಪದ್ಯಕ್ಕೆ ವಾಪಸ್ ಹೋಗೋಣ. ಅದರಲ್ಲಿ ಮಳೆ ಹುಳದ್ದೇ ಅಂತ ಯಾವ ಸಾಲು ಹೇಳುತ್ತೆ? ನನ್ನ ಮಾತು ನಂಬಬೇಡಿ."

ಅವರು ಹುಡುಕಿದರು. ಅಂಗಳ ಒಣಗಿದೆ, ಒಂದು. ಊರೆಲ್ಲ ಬಾಗಿಲು ಹಾಕಿದೆ, ಎರಡು. ಯಾರೂ ಯಾರ ಮನೆಗೂ ಹೋಗುತ್ತಿಲ್ಲ, ಅದಕ್ಕೇ ಮೆಟ್ಟಿಲ ಸಂದಿಯ ಹುಲ್ಲು ತುಳಿತವಿಲ್ಲದೆ ಎದ್ದಿದೆ. ಅದನ್ನು ಹೇಳಿದ್ದು ಗೆನ್‌ಫಾ. ಹೇಳಿ ತಾನೇ ಬೆರಗಾದ.

ಆಲಿಂಗ್ ಮಾತ್ರ ಮೊದಲ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದಳು. ಆಮೇಲೆ ಎದ್ದು ನಿಂತಳು.

"ಟೀಚರ್, ಒಂದು ಸರಿ ಹೋಗ್ತಿಲ್ಲ. ಹೊರಗಿನೋರನ್ನ ಯಾರೂ ಒಳಗೆ ಬಿಡಲ್ಲ ಅಲ್ವಾ? ನಿಮಗೇ ಎಲೆ ಹೊರೆಸಿ ಹಿತ್ತಲಿಂದ ತಂದ್ವಿ. ಹಂಗಿದ್ಮೇಲೆ ಇವನು ಹೆಂಗೆ ಒಳಗೆ ಹೋದ? ಹೋಗಿ ಮಧ್ಯಾಹ್ನ ಮಲಗಿಬಿಟ್ಟಿದಾನೆ."

"ದಾರಿಹೋಕ ಇರಬಹುದು..."

"ದಾರಿಹೋಕನ್ನ ಬಿಡ್ತಾರಾ? ಗುಯ್‌ಜೂ ಅತ್ತಿಗೆ ಬಿಡ್ತಾಳಾ?" ಆಲಿಂಗ್ ತಲೆ ಅಲ್ಲಾಡಿಸಿದಳು. "ಇವನು ಹೊರಗಿನೋನಲ್ಲ ಟೀಚರ್. ಬಹಳ ದಿನ ಎಲ್ಲೋ ಹೋಗಿದ್ದಾನೆ, ಅದಕ್ಕೇ ಆ ಸದ್ದು ಮರೆತು ಮಳೆ ಅನ್ಕೊಂಡ. ಆದ್ರೆ ಮನೆಯೋನೇ. ಇಲ್ದಿದ್ರೆ ಬಾಗಿಲು ತೆಗೀತಿರ್ಲಿಲ್ಲ. ಮನೆಗೆ ವಾಪಸ್ ಬಂದಿದಾನೆ."

 ಯಾನ್ ಟೀಚರ್ ಸೀಮೆಸುಣ್ಣ ಮೇಜಿನ ಮೇಲಿಟ್ಟಳು. ಹಲಗೆಯ ಕಡೆ ತಿರುಗಿ, ಪದ್ಯದ ಒಂದೊಂದೇ ಅಕ್ಷರದ ಮೇಲೆ ಬೆರಳು ಆಡಿಸುತ್ತ ಬಂದು ಕೊನೆಗೆ ನಿಂತಳು.

"ಅಮ್ಮಂಗೂ ಬಾಗಿಲು ತೆಗೆದಿದ್ರು," ಅಂದಳು. ನಮಗೆ ಹೇಳಿದ ಮಾತಲ್ಲ. ಆಮೇಲೆ ತಿರುಗಿ, "ಆಲಿಂಗ್, ಇದು ಯಾವ ಪುಸ್ತಕದಲ್ಲೂ ಇಲ್ಲ. ಕೂತ್ಕೋ ಮರಿ," ಅಂದಳು. ಕಿಟಕಿ ತೆಗೆದು ತೋರಿಸಿದ ವಿಷಯವನ್ನು ಆಮೇಲೆ ಅವಳು ಎತ್ತಲಿಲ್ಲ. ಬೆಳಗ್ಗೆ ಒಲೆಯ ಮುಂದೆ ಬರುವುದೂ ತಪ್ಪಿತು. ಮೊದಲ ಗಂಟೆಗೆ ಎಬ್ಬಿಸಲು ನಾನೇ ಹೋಗಿ ಬಾಗಿಲು ಬಡಿಯಬೇಕಾಯಿತು.

ನಮ್ಮ ಹುಳುಗಳು ನಾವು ಒಣಹುಲ್ಲು ಕಟ್ಟಿ ನಿಲ್ಲಿಸಿದ ಗುಡ್ಡ ಹತ್ತಿ ಗೂಡು ಕಟ್ಟಿದವು. ಎರಡು ತಟ್ಟೆಯವು ಹತ್ತಲಿಲ್ಲ, ಹಳದಿಯಾಗಿ ಉದುರಿದವು. ಒದ್ದೆ ಎಲೆ ಎಲ್ಲೋ ಒಂದು ಉಳಿದಿತ್ತೋ, ಕರಿ ಬಟ್ಟೆಯ ದೋಷವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಸೊಸೆ ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು. ನಾಲ್ಕನೆಯ ದಿನ ಗೂಡು ಬಿಡಿಸುತ್ತ, "ಅವಳು ಮಲಗಿದ್ದು ನೋಡಿದ್ರಾ ಅತ್ತೆ, ಹುಳದಂಗೇ ತಲೆ ಎತ್ಕೊಂಡು," ಅಂದಳು.

ಬಾಣಂತಿ ಟೀಚರ್ ವಾಪಸಾದಳು. ದೋಣಿ ಹೊರಡುವ ಬೆಳಗ್ಗೆ ಯಾನ್ ಟೀಚರ್ ನಮ್ಮ ಹಿತ್ತಲಿಗೆ ಬಂದಳು, ಅಭ್ಯಾಸಬಲ. ಒಳಗಿಂದ ಗುಯ್‌ಜೂ ಕೂಗಿದಳು: "ಅಲ್ಯಾಕೆ ನಿಂತಿದೀಯೇ? ಕೆಂಪು ಕಾಗದ ಕಿತ್ತಾಯ್ತು. ಸುತ್ತಿಕೊಂಡು ಮುಂದಿನ ಬಾಗಿಲಿಂದ ಬಾ." ನೆಂಟರಿಗೆ ಮಾಡುವ ಹಾಗೆ ಹುರಿದ ಹಸಿರು ಅವರೆ ಹಾಕಿದ ಚಹಾ ಕೊಟ್ಟಳು. ಟೀಚರ್ ಎರಡು ಬಟ್ಟಲು ಕುಡಿದಳು. ಮೆಟ್ಟಿಲು ಇಳಿಯುವಾಗ ಹುಲ್ಲು ತುಳಿಯದ ಹಾಗೆ ಕಾಲಿಟ್ಟದ್ದನ್ನು ನೋಡಿ ಗೆನ್‌ಫಾ, "ಈಗ ತುಳೀಬಹುದು ಟೀಚರ್, ಹುಳದ ತಿಂಗಳು ಮುಗೀತು," ಅಂದ. ಅವಳು ಹಿಂದೆ ಬಂದು ಒಂದು ಸಲ ತುಳಿದು ಹೋದಳು.

ಟೀಚರ್ ಯಾನ್ ಪೆಯ್‌ಲಾನ್ ನಮ್ಮೂರಿನಿಂದ ಹೋದದ್ದು ಗೋದಿ ಕೊಯ್ಲು ಶುರುವಾದ ಮರುದಿನ, ಶುಕ್ರವಾರ.